ಚಿಕಿತ್ಸೆ ಯಾಕೆ ಪದೇ ಪದೇ ಬದಲಾಗುತ್ತದೆ? ಆಸ್ಪತ್ರೆ ಸಂಶೋಧನೆಯ ಇನ್ನೂರು ವರ್ಷ

2001ರಲ್ಲಿ ಬೆಲ್ಜಿಯಂನ ಲ್ಯೂವೆನ್ ನಗರದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಐಸಿಯುನಲ್ಲಿದ್ದ, ಹೆಚ್ಚಿನವರು ಆಪರೇಷನ್ ಆಗಿದ್ದ 1,548 ರೋಗಿಗಳನ್ನು ಅವರು ಗಮನಿಸಿದ್ದರು. ಇನ್ಸುಲಿನ್ ಕೊಟ್ಟು ರಕ್ತದ ಸಕ್ಕರೆಯನ್ನು 80ರಿಂದ 110ರ ಒಳಗೆ ಬಿಗಿಯಾಗಿ ಹಿಡಿದಿಟ್ಟಾಗ ಐಸಿಯುನಲ್ಲಿ ಸಾಯುವವರ ಪ್ರಮಾಣ ಶೇ 8ರಿಂದ ಶೇ 4.6ಕ್ಕೆ ಇಳಿದಿತ್ತು. ಹಲವು ದೇಶಗಳ ಐಸಿಯುಗಳು ಇದನ್ನೇ ಪಾಲಿಸತೊಡಗಿದವು. 2009ರಲ್ಲಿ 'ನೈಸ್-ಶುಗರ್' ಎಂಬ, ಇನ್ನೂ ದೊಡ್ಡ ಅಧ್ಯಯನ ಬಂತು. ಅದರಲ್ಲಿ 6,104 ರೋಗಿಗಳಿದ್ದರು. ಸಕ್ಕರೆಯನ್ನು ಬಿಗಿ ಹಿಡಿದ ಗುಂಪಿನಲ್ಲಿ 90 ದಿನದೊಳಗೆ ಶೇ 27.5 ಜನ ತೀರಿಕೊಂಡಿದ್ದರು. 180ರವರೆಗೆ ಸಡಿಲ ಬಿಟ್ಟ ಗುಂಪಿನಲ್ಲಿ ಶೇ 24.9. ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದದ್ದು ಸಡಿಲ ಗುಂಪಿನಲ್ಲಿ ಶೇ 0.5 ಜನರಿಗೆ, ಬಿಗಿ ಗುಂಪಿನಲ್ಲಿ ಶೇ 6.8 ಜನರಿಗೆ.

ಇಂಥದ್ದನ್ನು ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಮೊನ್ನೆ ಒಂದು ಹೇಳಿದರು, ಇವತ್ತು ಇನ್ನೊಂದು. ಡಾಕ್ಟರುಗಳಿಗೇ ಗೊತ್ತಿಲ್ಲ ಅಂದ್ರೆ ನಮ್ಮ ಗತಿ ಏನು? ನನಗೆ ಮಾತ್ರ ಹೀಗೆ ಬದಲಾಗುವುದೇ ಸಮಾಧಾನದ ವಿಷಯ ಅನ್ನಿಸುತ್ತದೆ. ಹೆಚ್ಚಿನವರು ಪ್ರಶ್ನೆ ಕೇಳದೆ ಎರಡು ಸಾವಿರ ವರ್ಷ ನಡೆದುಬಂದ ಚಿಕಿತ್ಸೆಯೂ ಒಂದಿತ್ತು. ರೋಗಿಯ ಮೈಯಿಂದ ರಕ್ತ ತೆಗೆಯುವುದು.

ಜ್ವರಕ್ಕೆ ರಕ್ತ ತೆಗೆಯುತ್ತಿದ್ದರು, ನ್ಯುಮೋನಿಯಾಕ್ಕೂ ತೆಗೆಯುತ್ತಿದ್ದರು, ತಲೆನೋವಿಗೂ ಬಿಡುತ್ತಿರಲಿಲ್ಲ. 1830ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಇದು ಹುಚ್ಚಿನ ಮಟ್ಟಕ್ಕೆ ಹೋಗಿತ್ತು. ಫ್ರಾನ್ಸ್ 1833ರಲ್ಲಿ ಹೊರದೇಶಗಳಿಂದ ತರಿಸಿಕೊಂಡ ಜಿಗಣೆಗಳೇ ನಾಲ್ಕು ಕೋಟಿ ದಾಟಿದ್ದವಂತೆ. ಅದೇ ಊರಿನಲ್ಲಿ ಪಿಯರ್ ಲೂಯಿ ಎಂಬ ವೈದ್ಯರಿದ್ದರು. ಅವರು ಮಾಡಿದ ಕೆಲಸ ಇವತ್ತು ನೋಡಿದರೆ ತೀರಾ ಸಾದಾ. ಎಣಿಸಿದರು, ಅಷ್ಟೇ. ಅದಕ್ಕೂ ಮೊದಲು ಹೀಗೆ ಕೂತು ಎಣಿಸಿದವರು ತೀರಾ ವಿರಳ. ಮೊದಲು ಗಟ್ಟಿಮುಟ್ಟಾಗಿದ್ದು ಆಮೇಲೆ ನ್ಯುಮೋನಿಯಾ ಬಂದ 77 ಜನರ ದಾಖಲೆಗಳನ್ನು ಅವರು ಮುಂದಿಟ್ಟುಕೊಂಡರು. ಕಾಯಿಲೆಯ ಮೊದಲ ನಾಲ್ಕು ದಿನಗಳಲ್ಲೇ ರಕ್ತ ತೆಗೆಸಿಕೊಂಡವರು 41 ಜನ. ಅವರಲ್ಲಿ 18 ಮಂದಿ ಸತ್ತಿದ್ದರು. ತಡವಾಗಿ ತೆಗೆಸಿಕೊಂಡ 36 ಜನರಲ್ಲಿ ಸತ್ತವರು 9. ಬೇಗ ರಕ್ತ ತೆಗೆದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ಇದು ನೇರ ಪೆಟ್ಟು.

ಲೂಯಿ ಕೂಡ ರಕ್ತ ತೆಗೆಯುವುದನ್ನು ಪೂರ್ತಿ ಬಿಡಿ ಎನ್ನಲಿಲ್ಲ. ಅವರ ಲೆಕ್ಕದಲ್ಲಿ ದೋಷಗಳೂ ಇದ್ದವು. ಬೇಗ ರಕ್ತ ತೆಗೆಸಿಕೊಂಡವರು ಮೊದಲೇ ಜಾಸ್ತಿ ಕಾಯಿಲೆ ಇದ್ದವರಿರಬಹುದು, ಅಲ್ವಾ? ಎರಡು ಗುಂಪುಗಳೂ ಒಂದೇ ತರಹ ಇದ್ದವು ಎನ್ನಲು ಗ್ಯಾರಂಟಿ ಇರಲಿಲ್ಲ. ಮುಂದಿನ ನೂರು ವರ್ಷ ಆಸ್ಪತ್ರೆ ಸಂಶೋಧನೆ ಒದ್ದಾಡಿದ್ದು ಇದೇ ಪ್ರಶ್ನೆಯ ಜೊತೆ.

ಚಿಕಿತ್ಸೆ ಹೀಗೆ ಕುಂಟುತ್ತಿದ್ದ ಕಾಲದಲ್ಲೇ ರೋಗಪತ್ತೆ ಮಾತ್ರ ದಾಪುಗಾಲು ಹಾಕಿತ್ತು. ಅದೂ ಅದೇ ಪ್ಯಾರಿಸ್ಸಿನಲ್ಲಿ. ಫ್ರೆಂಚ್ ಕ್ರಾಂತಿಯ ನಂತರ ಅಲ್ಲಿನ ದೊಡ್ಡ ಆಸ್ಪತ್ರೆಗಳಲ್ಲಿ ಸಾವಿರಾರು ಬಡ ರೋಗಿಗಳು ಒಂದೇ ಕಡೆ ಸೇರುತ್ತಿದ್ದರು. ಸತ್ತವರ ಶವಪರೀಕ್ಷೆಯೂ ಅಲ್ಲೇ ನಡೆಯುತ್ತಿತ್ತು. ರೆನೆ ಲೆನೆಕ್ 1816ರಲ್ಲಿ ಕಾಗದದ ಸುರುಳಿಯನ್ನು ಒಬ್ಬ ಯುವತಿಯ ಎದೆಗಿಟ್ಟು ಕೇಳಿದ ಕಥೆ ಎಲ್ಲರಿಗೂ ಗೊತ್ತು. ಸ್ಟೆತಾಸ್ಕೋಪ್ ಹುಟ್ಟಿದ್ದು ಹಾಗೆ. ಆದರೆ ಕೇಳಿದ ಸದ್ದಿಗೆ ಅರ್ಥ ಕೊಟ್ಟದ್ದು ಶವಾಗಾರ. ಬದುಕಿದ್ದಾಗ ಎದೆಯಲ್ಲಿ ಯಾವ ಸದ್ದು ಕೇಳಿಸಿತು, ಸತ್ತಮೇಲೆ ಅದೇ ಜಾಗದಲ್ಲಿ ಶ್ವಾಸಕೋಶ ಹೇಗಿತ್ತು ಎಂದು ಲೆನೆಕ್ ಒಂದೊಂದನ್ನೂ ತಾಳೆ ನೋಡಿದರು. ಊಹೆಯನ್ನು ಗಟ್ಟಿ ಸಾಕ್ಷಿಯ ಎದುರು ಇಟ್ಟು ನೋಡುವ ಈ ಪದ್ಧತಿಯೇ ಇವತ್ತಿಗೂ ಎಲ್ಲ ಟೆಸ್ಟುಗಳ ಮೌಲ್ಯಮಾಪನದ ಬುನಾದಿ.

ಒಂದು ವಿಚಿತ್ರ ನೋಡಿ. ಇಷ್ಟೆಲ್ಲ ರೋಗಪತ್ತೆ ಮಾಡಿದ ಪ್ಯಾರಿಸ್ಸಿನ ವೈದ್ಯರ ಕೈಯಲ್ಲಿ ವಾಸಿ ಮಾಡುವ ಮದ್ದು ಹೆಚ್ಚೇನೂ ಇರಲಿಲ್ಲ. ಕಾಯಿಲೆಗೆ ಹೆಸರಿಡುವುದು, ಅದು ಹೇಗೆ ಮುಂದುವರಿಯುತ್ತದೆಂದು ಹೇಳುವುದು, ಆಮೇಲೆ ಕಾಯುವುದು. ಮದ್ದುಗಳು ಸಾಲಾಗಿ ಬರತೊಡಗಿದ್ದು 20ನೇ ಶತಮಾನದಲ್ಲಿ. ಆಗ ಲೂಯಿ ಬಿಟ್ಟುಹೋದ ಪ್ರಶ್ನೆ ಮತ್ತೆ ಎದ್ದು ನಿಂತಿತು.

ಅದಕ್ಕೆ ಉತ್ತರ ಸಿಕ್ಕಿದ್ದು ಒಂದು ರೀತಿಯಲ್ಲಿ ಬಡತನದಿಂದ. ಎರಡನೇ ಮಹಾಯುದ್ಧ ಮುಗಿದಿತ್ತು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧ ಅಮೆರಿಕದಲ್ಲಿ ತಯಾರಾಗುತ್ತಿತ್ತು. ಬ್ರಿಟನ್ನಿನ ಬಳಿ ಅದನ್ನು ಕೊಳ್ಳಲು ಡಾಲರ್ ಇರಲಿಲ್ಲ. ಸಿಕ್ಕ ಔಷಧ ಎಲ್ಲರಿಗೂ ಸಾಲುತ್ತಿರಲಿಲ್ಲ. ಹೇಗೂ ಎಲ್ಲರಿಗೂ ಕೊಡಲಾಗದು ಎಂದಮೇಲೆ, ಯಾರಿಗೆ ಕೊಡಬೇಕು ಎಂಬುದನ್ನು ಅದೃಷ್ಟಕ್ಕೇ ಬಿಟ್ಟರೆ ತಪ್ಪೇನು? ಮೆಡಿಕಲ್ ರಿಸರ್ಚ್ ಕೌನ್ಸಿಲ್‌ನ ಅಂಕಿಅಂಶ ತಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಈ ಅವಕಾಶ ಬಳಸಿಕೊಂಡರು. ಯಾವ ರೋಗಿ ಯಾವ ಗುಂಪಿಗೆ ಎಂಬುದನ್ನು ಯಾದೃಚ್ಛಿಕ ಸಂಖ್ಯೆಗಳಿಂದ ನಿರ್ಧರಿಸಿ, ಮುಚ್ಚಿದ ಲಕೋಟೆಗಳಲ್ಲಿ ಇಟ್ಟರು. ರೋಗಿಯನ್ನು ಸೇರಿಸಿಕೊಳ್ಳುವ ವೈದ್ಯರಿಗೂ ಮೊದಲೇ ಗೊತ್ತಾಗುವಂತಿರಲಿಲ್ಲ. 'ಈ ಹುಡುಗಿ ಪಾಪ, ಇವಳಿಗೆ ಔಷಧ ಸಿಗಲಿ' ಎನ್ನಲು ಅವಕಾಶವೇ ಇಲ್ಲ. ಎಕ್ಸ್-ರೇ ನೋಡುವ ತಜ್ಞರಿಗೂ ಅದು ಯಾವ ಗುಂಪಿನವರದ್ದು ಎಂದು ಹೇಳಲಿಲ್ಲ.

1948ರಲ್ಲಿ ಫಲಿತಾಂಶ ಬಂತು. ಒಟ್ಟು 107 ರೋಗಿಗಳು. ಆರು ತಿಂಗಳಲ್ಲಿ ಔಷಧ ಸಿಕ್ಕ 55 ಜನರಲ್ಲಿ ಸತ್ತವರು 4. ಬರೀ ಹಾಸಿಗೆ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ ಸತ್ತವರು 14. ಔಷಧ ಗೆದ್ದಿತು ಎಂದು ಕಥೆ ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. ಆದರೆ ಐದು ವರ್ಷದ ಹೊತ್ತಿಗೆ ಔಷಧದ ಗುಂಪಿನಲ್ಲಿ 32 ಜನ, ಇನ್ನೊಂದರಲ್ಲಿ 35 ಜನ ಸತ್ತಿದ್ದರು. ಒಂದೇ ಔಷಧ ಕೊಟ್ಟರೆ ಕ್ಷಯದ ಬ್ಯಾಕ್ಟೀರಿಯಾ ಅದನ್ನು ಸೋಲಿಸಿಬಿಡುತ್ತದೆ ಎಂಬುದು ಹೀಗೆ ಬಯಲಾಯಿತು. ಔಷಧಗಳನ್ನು ಜೊತೆಯಾಗಿ ಕೊಡಬೇಕು ಎಂಬ ಇವತ್ತಿನ ನಿಯಮದ ಬೇರು ಇಲ್ಲಿದೆ. ಎಣಿಸುವುದನ್ನು ಆರು ತಿಂಗಳಿಗೇ ನಿಲ್ಲಿಸಿದ್ದರೆ ಇದರ ಪೂರ್ತಿ ಬೆಲೆ ಕಾಣುತ್ತಿರಲಿಲ್ಲ.

ಈ ಟ್ರಯಲ್‌ನಲ್ಲಿ ಇನ್ನೊಂದು ಸಂಗತಿ ಇದೆ. ತಾವು ಪ್ರಯೋಗದಲ್ಲಿದ್ದೇವೆ ಎಂದು ಆ ರೋಗಿಗಳಿಗೆ ಹೇಳಿರಲೇ ಇಲ್ಲ. ಆ ಕಾಲಕ್ಕೆ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ನಾಜಿ ವೈದ್ಯರ ವಿಚಾರಣೆಯ ಕೊನೆಗೆ, 1947ರಲ್ಲಿ, ನ್ಯೂರೆಂಬರ್ಗ್ ಸಂಹಿತೆ ಬಂದಿತ್ತು. ಪ್ರಯೋಗಕ್ಕೆ ಒಳಗಾಗುವವನು ಸ್ವಂತ ಇಷ್ಟದಿಂದ ಒಪ್ಪಲೇಬೇಕು ಎಂಬುದೇ ಅದರ ಮೊದಲ ಮಾತು. ಎಷ್ಟೋ ವೈದ್ಯರು ಅದನ್ನು ಕ್ರೂರಿಗಳಿಗೆ ಬರೆದ ಕಾನೂನು, ನಮಗಲ್ಲ ಎಂದುಕೊಂಡರು. ಅಮೆರಿಕದ ಟಸ್ಕೀಗಿಯಲ್ಲಿ ಸರ್ಕಾರಿ ಆರೋಗ್ಯ ಸೇವೆಯವರೇ ಸಿಫಿಲಿಸ್ ಇದ್ದ 399 ಕಪ್ಪು ಜನಾಂಗದ ಗಂಡಸರನ್ನು 1932ರಿಂದ 1972ರವರೆಗೆ ಚಿಕಿತ್ಸೆ ಕೊಡದೆ ಗಮನಿಸುತ್ತಾ ಹೋದರು. 1940ರ ದಶಕದಲ್ಲೇ ಪೆನಿಸಿಲಿನ್ ಸಿಗುತ್ತಿತ್ತು. ಆದರೂ ಕೊಡಲಿಲ್ಲ. 1966ರಲ್ಲಿ ಹಾರ್ವರ್ಡ್‌ನ ಹೆನ್ರಿ ಬೀಚರ್ ಇಂಥ 22 ಅಧ್ಯಯನಗಳನ್ನು ಎತ್ತಿ ತೋರಿಸಿದರು. ಅವು ಕದ್ದುಮುಚ್ಚಿ ಮಾಡಿದ ಕೆಲಸಗಳಾಗಿರಲಿಲ್ಲ. ಹೆಸರಾಂತ ಸಂಸ್ಥೆಗಳಲ್ಲಿ ನಡೆದವು ಎಂಬುದೇ ಆಘಾತ. ಸಂಶೋಧನೆಯ ನೀತಿ ಹೇಳುವ 1964ರ ಹೆಲ್ಸಿಂಕಿ ಘೋಷಣೆ ಮತ್ತು 1979ರ ಬೆಲ್ಮಾಂಟ್ ವರದಿ, ನೈತಿಕ ಸಮಿತಿಗಳು, ಒಪ್ಪಿಗೆ ಪತ್ರ ಎಲ್ಲ ಬಂದದ್ದು ಈ ದಾರಿಯಲ್ಲಿ. ಇವತ್ತು ಆಸ್ಪತ್ರೆಯಲ್ಲಿ ಅಧ್ಯಯನಕ್ಕೆ ಸೇರುವಾಗ ಕೊಡುವ ಉದ್ದದ ಫಾರಂ ನೋಡಿ ಬೇಸರಪಡುವವರಿದ್ದಾರೆ. ಓದದೆ ಸುಮ್ನೆ ಸಹಿ ಹಾಕುವವರೂ ಇದ್ದಾರೆ. ಆ ಫಾರಂ ಹಿಂದೆ ಇಷ್ಟು ಜನರ ಕಥೆ ಇದೆ.

ಇನ್ನು 'ತರ್ಕಕ್ಕೆ ಸರಿ ಕಾಣುವುದು' ಎಂಬ ಬಲೆಯ ಬಗ್ಗೆ. ಈ ಇಡೀ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡುವುದು ಕ್ಯಾಸ್ಟ್ ಎಂಬ ಟ್ರಯಲ್. ಹಾರ್ಟ್ ಅಟ್ಯಾಕ್ ಆದವರಲ್ಲಿ ಹೃದಯ ನಡುನಡುವೆ ತಾಳ ತಪ್ಪಿ ಹೆಚ್ಚುವರಿ ಬಡಿತ ಬಡಿಯುತ್ತಿದ್ದರೆ ಅವರು ಹಠಾತ್ತಾಗಿ ಸಾಯುವ ಸಂಭವ ಹೆಚ್ಚು. ಇದು ಗೊತ್ತಿದ್ದ ಸತ್ಯ. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳು ಆ ತಪ್ಪು ಬಡಿತಗಳನ್ನು ಚೆನ್ನಾಗಿ ಅಡಗಿಸುತ್ತವೆ. ಇದೂ ಸತ್ಯ. ಹಾಗಾದರೆ ಔಷಧ ಕೊಟ್ಟರೆ ಜೀವ ಉಳಿಯಬೇಕು. ಬಹಳಷ್ಟು ವೈದ್ಯರು ಬರೆದೂ ಕೊಡುತ್ತಿದ್ದರು. ಇಂಥದ್ದನ್ನು ಪರೀಕ್ಷೆ ಮಾಡುವುದೇ ಯಾಕೆ, ಅರ್ಧ ಜನಕ್ಕೆ ಸಕ್ಕರೆ ಗುಳಿಗೆ ಕೊಟ್ಟು ಔಷಧ ತಪ್ಪಿಸುವುದು ಅನ್ಯಾಯ ಎನ್ನುವವರೂ ಇದ್ದರು.

1989ರಲ್ಲಿ ಆ ಔಷಧಗಳ ಟ್ರಯಲ್ ಅರ್ಧಕ್ಕೇ ನಿಂತಿತು. 1991ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಈ ಎರಡು ಔಷಧಗಳನ್ನು ಪ್ಲಸೀಬೊ (ಅಂದರೆ ಔಷಧವಿಲ್ಲದ ಗುಳಿಗೆ) ಜೊತೆ ಹೋಲಿಸಿದ 1,498 ರೋಗಿಗಳಲ್ಲಿ ಔಷಧ ತೆಗೆದುಕೊಂಡ 63 ಜನ ಸತ್ತಿದ್ದರು. ಪ್ಲಸೀಬೊ ಗುಂಪಿನಲ್ಲಿ 26. ಇಸಿಜಿ ಸುಂದರವಾಗುತ್ತಿತ್ತು, ರೋಗಿ ಸಾಯುತ್ತಿದ್ದ. ವಾರ್ಡಿನಲ್ಲಿ ನಿಂತು ನೋಡುವ ಯಾವ ವೈದ್ಯರಿಗೂ ಇದು ಕಾಣುವ ಸಾಧ್ಯತೆ ಇರಲಿಲ್ಲ. ಹಾರ್ಟ್ ಅಟ್ಯಾಕ್ ಆದವನು ಸತ್ತರೆ ಹಾರ್ಟ್ ಅಟ್ಯಾಕ್‌ನಿಂದಲೇ ಸತ್ತ ಅಂತ ತಾನೇ ಅಂದುಕೊಳ್ಳುವುದು? ಔಷಧದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಗುಂಪಿನ ಎದುರು ಗುಂಪು ನಿಲ್ಲಿಸಿ ಎಣಿಸಿದಾಗಲೇ ವ್ಯತ್ಯಾಸ ಕಂಡದ್ದು.

ಎಣಿಕೆಯೂ ಮೋಸ ಮಾಡಬಲ್ಲದು. 1988ರ ಐಸಿಸ್-2 ಟ್ರಯಲ್ ಅದನ್ನು ತಮಾಷೆಯಾಗಿ ತೋರಿಸಿತು. 417 ಆಸ್ಪತ್ರೆಗಳು, ಹಾರ್ಟ್ ಅಟ್ಯಾಕ್ ಶಂಕೆಯ 17,187 ರೋಗಿಗಳು. ಆಸ್ಪಿರಿನ್ ಎಂಬ ಅಗ್ಗದ ಗುಳಿಗೆ ಸಾವನ್ನು ಸುಮಾರು ಕಾಲುಭಾಗದಷ್ಟು ತಗ್ಗಿಸಿತ್ತು. ವರದಿ ಪ್ರಕಟಿಸಬೇಕಿದ್ದ ವೈದ್ಯಕೀಯ ಪತ್ರಿಕೆಯವರು ಯಾವ ಯಾವ ಬಗೆಯ ರೋಗಿಗಳಿಗೆ ಎಷ್ಟೆಷ್ಟು ಲಾಭ ಎಂದು ಬಿಡಿಸಿ ತೋರಿಸಲು ಕೇಳಿದರು. ಸಂಶೋಧಕರು ಒಪ್ಪಿದರು, ಜೊತೆಗೆ ರಾಶಿವಾರು ಲೆಕ್ಕವನ್ನೂ ಸೇರಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಲಾಭವೇ ಇಲ್ಲ, ಸ್ವಲ್ಪ ಕೆಡುಕೇ ಎಂದು ಬಂತು! ಅಂಕಿಗಳನ್ನು ಚೂರು ಚೂರು ಮಾಡಿದರೆ ಏನು ಬೇಕಾದರೂ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನಾನು ಕಂಡಿಲ್ಲ.

2020ರಲ್ಲಿ ಈ ಎಲ್ಲ ಪಾಠಗಳಿಗೆ ಒಟ್ಟಿಗೇ ಪರೀಕ್ಷೆ ಬಂತು. ಕೋವಿಡ್ ಹೊಸ ಕಾಯಿಲೆ. ಎಲ್ಲೆಡೆ ವೈದ್ಯರು ತೋಚಿದ್ದನ್ನು ಕೊಡುತ್ತಿದ್ದರು. ಏನಾದರೂ ಮಾಡಲೇಬೇಕು ಎಂಬ ಒತ್ತಡ ಅಷ್ಟಿತ್ತು. ಬ್ರಿಟನ್ನಿನ ರಿಕವರಿ ಟ್ರಯಲ್ ಮಾತ್ರ ಆಸ್ಪತ್ರೆಗೆ ಸೇರಿದ ರೋಗಿಗಳನ್ನೇ ಲಾಟರಿಯಂತೆ ಗುಂಪು ಮಾಡಿ ಹಲವು ಔಷಧಗಳನ್ನು ಒಟ್ಟಿಗೆ ಪರೀಕ್ಷಿಸಿತು. ಮಾರ್ಚ್‌ನಲ್ಲಿ ಶುರು, ಜೂನ್‌ನಲ್ಲಿ ಉತ್ತರ. ಹೈಡ್ರಾಕ್ಸಿಕ್ಲೋರೊಕ್ವಿನ್ ಪ್ರಯೋಜನಕ್ಕೆ ಬರಲಿಲ್ಲ. ಡೆಕ್ಸಾಮೆಥಸೋನ್ ಎಂಬ ಹಳೆಯ ಸ್ಟಿರಾಯ್ಡ್ ಕೆಲಸ ಮಾಡಿತು. ವೆಂಟಿಲೇಟರ್ ಮೇಲಿದ್ದವರಲ್ಲಿ 28 ದಿನದೊಳಗಿನ ಸಾವು ಶೇ 41.4 ಇದ್ದದ್ದು ಶೇ 29.3ಕ್ಕೆ ಇಳಿಯಿತು. ಆದರೆ ಆಮ್ಲಜನಕವೇ ಬೇಕಿಲ್ಲದಿದ್ದ ರೋಗಿಗಳಿಗೆ ಅದರಿಂದ ಲಾಭ ಕಾಣಲಿಲ್ಲ. ಅಂಕಿಗಳು ಕೆಡುಕಿನ ಕಡೆಗೇ ವಾಲಿದ್ದವು. ಈ ಕೊನೆಯ ಸಾಲನ್ನು ಆಮೇಲೆ ಎಷ್ಟೋ ಕಡೆ ಮರೆತೇ ಹೋದರು.

ಔಷಧದ ಮಾತು ಇಷ್ಟಾಯಿತು. ರೋಗಪತ್ತೆಯ ಕಡೆ ಇಂಥ ಶಿಸ್ತು ಬಂದಿದೆಯೇ? ಬಂದಿದೆ, ಆದರೆ ತಡವಾಗಿ, ಅರೆಬರೆಯಾಗಿ. 1969ರಲ್ಲಿ ಸಿಇಎ ಎಂಬ ರಕ್ತಪರೀಕ್ಷೆ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 36 ಜನರಲ್ಲಿ 35 ಜನರನ್ನು ಹಿಡಿದುಕೊಟ್ಟಿತು. ಎಲ್ಲರೂ ಹಿಗ್ಗಿದರು. ಅವರಲ್ಲಿ ಬಹುತೇಕರ ಕಾಯಿಲೆ ಆಗಲೇ ಬಲಿತಿತ್ತು. ಶುರುವಿನ ಹಂತದ ರೋಗಿಗಳ ಮೇಲೆ ಪ್ರಯತ್ನಿಸಿದಾಗ ಟೆಸ್ಟ್ ಎಡವಿತು. ಕ್ಯಾನ್ಸರ್ ಹುಡುಕಲು ಅದನ್ನು ಬಳಸುವ ಆಸೆ ಬಿಡಬೇಕಾಯಿತು. ಬಲಿತ ಕಾಯಿಲೆ ಮತ್ತು ಪೂರ್ತಿ ಆರೋಗ್ಯ, ಈ ಎರಡನ್ನು ಬೇರೆ ಮಾಡುವುದು ಸುಲಭ. ಆಸ್ಪತ್ರೆಗೆ ಬರುವವರು ಹೆಚ್ಚಾಗಿ ಇವೆರಡರ ನಡುವಿನವರು.

1983ರಲ್ಲಿ ಬಾಸ್ಟನ್ನಿನ ವೈದ್ಯರು ಇನ್ನೊಂದು ಲೆಕ್ಕ ಹಾಕಿದರು. 1960, 1970, 1980ರ ತಲಾ 100 ಶವಪರೀಕ್ಷೆಗಳು. ನಡುವೆ ಸ್ಕ್ಯಾನಿಂಗ್ ಯಂತ್ರಗಳು ಬಂದಿದ್ದವು, ಲ್ಯಾಬುಗಳು ಬೆಳೆದಿದ್ದವು. ಆದರೂ ಗೊತ್ತಾಗಿದ್ದರೆ ಚಿಕಿತ್ಸೆಯೇ ಬದಲಾಗಬಹುದಿದ್ದ ದೊಡ್ಡ ಕಾಯಿಲೆ ಕೈತಪ್ಪಿದ ಪ್ರಮಾಣ ಮೂರೂ ಕಾಲದಲ್ಲಿ ಸುಮಾರು ಶೇ 10. ಯಾರಿಗೆ ಕಾರಣ ತಿಳಿಯುತ್ತಿರಲಿಲ್ಲವೋ ಅಂಥವರ ಶವಪರೀಕ್ಷೆಯೇ ಹೆಚ್ಚಾಗಿ ನಡೆದಿರಬಹುದು, ಹಾಗಾಗಿ ಈ ಅಂಕಿಯನ್ನು ಎಲ್ಲ ರೋಗಿಗಳಿಗೂ ಅನ್ವಯಿಸಲಾಗದು. ಅದೇನೇ ಇದ್ದರೂ ಹೀಗೆ ತಾಳೆ ನೋಡುವ ಅವಕಾಶವೇ ಈಗ ಕಡಿಮೆಯಾಗಿದೆ. ಆಸ್ಪತ್ರೆಗಳಲ್ಲಿ ಶವಪರೀಕ್ಷೆ ಅಪರೂಪವಾಗುತ್ತಾ ಬಂದಿದೆ.

ಕೈತಪ್ಪುವುದು ಒಂದು ಸಮಸ್ಯೆಯಾದರೆ, ಜಾಸ್ತಿ ಸಿಗುವುದು ಇನ್ನೊಂದು. ಸಿಟಿ ಸ್ಕ್ಯಾನ್ ಚುರುಕಾದ ಮೇಲೆ ಅಮೆರಿಕದಲ್ಲಿ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು ಪತ್ತೆಯಾಗುವ ಪ್ರಮಾಣ 1998ರಿಂದ 2006ರೊಳಗೆ ಶೇ 81ರಷ್ಟು ಏರಿತು. ಅದರಿಂದ ಸಾಯುವವರ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇತ್ತು. ಹೊಸದಾಗಿ ಸಿಕ್ಕ ಎಷ್ಟೋ ಸಣ್ಣ ಹೆಪ್ಪುಗಳಿಂದ ಅಪಾಯವೇ ಇರಲಿಲ್ಲ ಎಂಬ ಅನುಮಾನ ಆಗ ಹುಟ್ಟಿತು. ಅವಕ್ಕೂ ರಕ್ತ ತೆಳುವಾಗಿಸುವ ಔಷಧ ಕೊಟ್ಟರೆ ರಕ್ತಸ್ರಾವದ ಅಪಾಯವಂತೂ ನಿಜ.

ಈಗ ಕಂಪ್ಯೂಟರಿನ ಸರದಿ. ಸೋಂಕಿಗೆ ದೇಹ ಹದ್ದುಮೀರಿ ಪ್ರತಿಕ್ರಿಯಿಸಿ ಅಂಗಾಂಗಗಳು ಸೋಲುವ ಸೆಪ್ಸಿಸ್ ಅನ್ನು ಮುಂಚಿತವಾಗಿ ಗುರುತಿಸುತ್ತದೆ ಎಂದು ಅಮೆರಿಕದ ಒಂದು ದೊಡ್ಡ ಕಂಪನಿ ತಂತ್ರಾಂಶ ಕೊಟ್ಟಿತ್ತು. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಆಸ್ಪತ್ರೆಯ 38,455 ದಾಖಲಾತಿಗಳ ಮೇಲೆ ಅದನ್ನು ಒರೆಹಚ್ಚಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೆಪ್ಸಿಸ್ ಬಂದವರಲ್ಲಿ ಶೇ 67 ಜನರನ್ನು ಅದು ಗುರುತಿಸಿರಲೇ ಇಲ್ಲ. ಹಾಗಿದ್ದೂ ದಾಖಲಾದವರಲ್ಲಿ ಶೇ 18ರಷ್ಟು ಜನರ ಬಗ್ಗೆ ಎಚ್ಚರಿಕೆ ಗಂಟೆ ಬಾರಿಸಿತ್ತು. ಈ ಲೆಕ್ಕ ಹೊರಬೀಳುವ ಹೊತ್ತಿಗೆ ಅದೇ ತಂತ್ರಾಂಶ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು.