ಎಫ್‌1 ಎಂಜಿನ್ ರೂಲ್ಸ್ ಬರೆಯುವವರು ಯಾರು?

ಹುಬ್ಬಳ್ಳಿ ವಿದ್ಯಾನಗರದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ: “ಸರ್, ಎಫ್‌1 ಒಳಗ ಎಂಜಿನ್ ರೂಲ್ಸ್ ಯಾಕ ಪದೇ ಪದೇ ಬದಲಾಗ್ತಾವ್ರಿ? ಅವನ್ನ ಬರಿಯೋರು ಎಫ್‌ಐಎನೋ, ಕಂಪನಿಯವರೋ?” ಧಾರವಾಡದ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ.

ಮೊಹರು ಎಫ್‌ಐಎದ್ದು, ಅಂದರೆ ಎಫ್‌1 (ಫಾರ್ಮುಲಾ ಒನ್) ಕಾರ್ ರೇಸಿನ ನಿಯಮ ಮಾಡುವ ಅಂತರರಾಷ್ಟ್ರೀಯ ಮೋಟಾರ್ ಒಕ್ಕೂಟದ್ದು. ಕರಡು ಮಾತ್ರ ಕಂಪನಿಗಳ ಜೊತೆ ಕೂತು ಚೌಕಾಸಿ ಮಾಡಿಯೇ ಸಿದ್ಧವಾಗುತ್ತದೆ.

ಗೋಕುಲ ರೋಡಿನ ಬೈಕ್ ಗ್ಯಾರೇಜಿನವರಿಗೆ 2020ರ ಏಪ್ರಿಲ್ 1 ಚೆನ್ನಾಗಿ ನೆನಪಿರುತ್ತದೆ. ಗಾಡಿ ಹೊಗೆಯ ನಿಯಮದಲ್ಲಿ ಬಿಎಸ್‌4ರಿಂದ ದೇಶ ನೇರ ಬಿಎಸ್‌6ಕ್ಕೆ ಜಿಗಿಯಿತು. ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುತ್ತಿದ್ದ ಕೈಗೆ ಸ್ಕ್ಯಾನರ್ ಬಂತು. ಅದು ಸರ್ಕಾರದ ನಿಯಮ. ಇಲ್ಲಿ ಗಾಡಿ ಮಾರಬೇಕೆಂದರೆ ಯಾವ ಕಂಪನಿಯೂ ಒಲ್ಲೆ ಎನ್ನುವಂತಿರಲಿಲ್ಲ. ರೇಸಿನಲ್ಲಿ ಹಾಗಲ್ಲ, ರೂಲ್ಸ್ ಸರಿಬರದಿದ್ದರೆ ಕಂಪನಿ ಎದ್ದು ಹೋಗುತ್ತದೆ. ಆ ಭಯವೇ ಎಫ್‌ಐಎಯನ್ನು ಬಗ್ಗಿಸುತ್ತದೆ.

2010ರ ಡಿಸೆಂಬರಿನಲ್ಲಿ ಎಫ್‌ಐಎ ಪ್ರಕಟಿಸಿದ್ದು 2013ರಿಂದ 1.6 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್ (ಟರ್ಬೊ ಎಂದರೆ ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ). ತನ್ನ ಎಂಜಿನ್ ತಾನೇ ಮಾಡುವ ಫೆರಾರಿ ತಂಡ ಒಪ್ಪಲಿಲ್ಲ. ಆರು ತಿಂಗಳಲ್ಲಿ ಅದು ಆರು ಸಿಲಿಂಡರಿನ ವಿ6 ಆಯಿತು, ಜಾರಿಯೂ 2014ಕ್ಕೆ ಹೋಯಿತು. ಫೆರಾರಿ ಕೈಯಲ್ಲಿ ವೀಟೊ ಅಧಿಕಾರವೇ ಇದೆ. 2015ರಲ್ಲಿ ಸಣ್ಣ ತಂಡಗಳಿಗೆ ಮಾರುವ ಎಂಜಿನ್ನಿಗೆ ಬೆಲೆಮಿತಿ ಹಾಕಲು ಹೊರಟಾಗ ಅದನ್ನು ಚಲಾಯಿಸಿಯೇಬಿಟ್ಟಿತು. ಇದು ನನಗೆ ಇವತ್ತಿಗೂ ಅನ್ಯಾಯವೆಂದೇ ಅನಿಸುತ್ತದೆ. ಓಡುವವರಲ್ಲೇ ಒಬ್ಬರಿಗೆ ಓಟದ ನಿಯಮ ತಡೆಯುವ ಹಕ್ಕು ಇರಬಾರದು.

ಈಗ 2026ರ ಬದಲಾವಣೆಗೆ ಬರೋಣ. 2014ರಿಂದ ಎಂಜಿಯು-ಎಚ್ ಎಂಬ ಭಾಗವಿತ್ತು: ಟರ್ಬೊದ ಶಾಫ್ಟಿಗೇ ಜೋಡಿಸಿದ ಪುಟ್ಟ ಮೋಟಾರ್. ನಿಮಿಷಕ್ಕೆ 1,25,000 ಸುತ್ತಿನವರೆಗೆ ತಿರುಗಲು ಅದಕ್ಕೆ ಅನುಮತಿಯಿತ್ತು. ಹೊರಹೋಗುವ ಬಿಸಿ ಹೊಗೆಯಿಂದ ಕರೆಂಟ್ ತೆಗೆಯುತ್ತಿತ್ತು. ಚಾಲಕ ಆಕ್ಸಿಲರೇಟರ್ ಒತ್ತಿದೊಡನೆ, ಹೊಗೆಯ ಒತ್ತಡ ಏರುವವರೆಗೆ ಕಾಯದೆ ಟರ್ಬೊವನ್ನು ತಾನೇ ತಿರುಗಿಸುತ್ತಿತ್ತು. ಅದ್ಭುತ ಯಂತ್ರ, ಆದರೆ ವಿಪರೀತ ದುಬಾರಿ, ಅಷ್ಟೇ ಜಟಿಲ. ಮರ್ಸಿಡಿಸ್ ಮೊದಲೇ ಈ ಹೊಸ ಎಂಜಿನ್ ಪಳಗಿಸಿಕೊಂಡಿತು, 2014ರಿಂದ 2021ರವರೆಗೆ ತಂಡಗಳ ಪ್ರಶಸ್ತಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. 2015ರಲ್ಲಿ ತಡವಾಗಿ ಬಂದ ಹೋಂಡಾ ವರ್ಷಗಟ್ಟಲೆ ಪಾಡುಪಟ್ಟಿತು.

ಅದನ್ನು ಕಂಡ ಹೊಸ ಕಂಪನಿಗಳು ಆ ಭಾಗ ತೆಗೆಯದೆ ಬರುವುದು ಹೇಗೆ? 2022ರ ಆಗಸ್ಟ್‌ನಲ್ಲಿ ಎಂಜಿಯು-ಎಚ್ ಇಲ್ಲದ ಹೊಸ ನಿಯಮಕ್ಕೆ ಒಪ್ಪಿಗೆ ಸಿಕ್ಕಿತು. ಅದೇ ತಿಂಗಳು ಆಡಿ ತಾನು ಬರುವುದಾಗಿ ಘೋಷಿಸಿತು. ಬ್ಯಾಟರಿಯಿಂದ ಕಾರನ್ನು ತಳ್ಳುವ ಇನ್ನೊಂದು ಮೋಟಾರಿನ ಶಕ್ತಿ 120ರಿಂದ 350 ಕಿಲೊವ್ಯಾಟ್‌ಗೆ ಏರಿತು, ನೆಲದಿಂದ ತೆಗೆದ ಪೆಟ್ರೋಲಿನ ಜಾಗಕ್ಕೆ ಸುಸ್ಥಿರ ಇಂಧನ ಬಂತು. 2020ರಲ್ಲಿ ಬಿಡುತ್ತೇನೆಂದಿದ್ದ ಹೋಂಡಾ, 2023ರಲ್ಲಿ ಆಸ್ಟನ್ ಮಾರ್ಟಿನ್ ತಂಡದ ಜೊತೆ ಮರಳುವುದಾಗಿ ಹೇಳಿತು. ಫೋರ್ಡ್ ರೆಡ್‌ಬುಲ್ ತಂಡದ ಕೈ ಹಿಡಿಯಿತು. ರೆನೊ ಮಾತ್ರ 2025ಕ್ಕೆ ಎಂಜಿನ್ ತಯಾರಿಕೆ ನಿಲ್ಲಿಸಿತು.

ಆ ಯಂತ್ರ ಹೋದದ್ದಕ್ಕೆ ನನಗೆ ಬೇಸರವಿದೆ. ಆದರೂ ನಾಲ್ಕು ಕಂಪನಿ ಹೆಚ್ಚು ಸೇರಿದರೆ ಓಟಕ್ಕೇ ಲಾಭ, ಈ ಚೌಕಾಸಿ ಸರಿಯೇ ಎನ್ನುತ್ತೇನೆ.

2025ರಲ್ಲಿ ಎಫ್‌ಐಎ ಅಧ್ಯಕ್ಷ ಮೊಹಮ್ಮದ್ ಬಿನ್ ಸುಲಾಯೆಮ್ ಹಳೆಯ ಹತ್ತು ಸಿಲಿಂಡರಿನ ವಿ10 ಎಂಜಿನ್ ತರುವ ಮಾತೆತ್ತಿದರು. ಏಪ್ರಿಲ್‌ನಲ್ಲಿ ಬಹರೇನ್‌ನಲ್ಲಿ ಕಂಪನಿಗಳ ಜೊತೆ ಸಭೆ ನಡೆಯಿತು. ಹೊಸ ನಿಯಮ ನಂಬಿ ಹಣ ಸುರಿದಿದ್ದವರ ಮುಂದೆ ಆ ಮಾತು ನಡೆಯಲಿಲ್ಲ; 2026ರ ನಿಯಮ ಇದ್ದಂತೆಯೇ ಉಳಿಯಿತು.