ಇಸ್ಪೀಟೆಲೆಯಷ್ಟು ಜಾಗದಲ್ಲಿ ಒಂದು ಚಿತ್ರ

ಇಸ್ಪೀಟೆಲೆಯಷ್ಟು ಕಾಗದದ ಮೇಲೆ ಚಿತ್ರ ಬರೆದು ಮಾರುತ್ತೇನೆ. ಆನ್‌ಲೈನಿನಲ್ಲಿ ಆ ಕಾರ್ಡ್ ನೋಡಿ ಮೆಸೇಜ್ ಮಾಡುವವರು ಮೊದಲು ಬೆಲೆ ಕೇಳುವುದಿಲ್ಲ. “ಮೇಡಂ, ಇದು ಪ್ರಿಂಟಾ, ಕೈಲೇ ಬರೆದಿದ್ದಾ?” ಎಂದು ಕೇಳುತ್ತಾರೆ. ಈ ವ್ಯಾಪಾರ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಹೊಸದಾಗಿ ಈ ಕೆಲಸಕ್ಕೆ ಕೈ ಹಾಕುವವರು ಬಣ್ಣ, ಕುಂಚ ಕೊಳ್ಳುವ ಮೊದಲೇ ಅದಕ್ಕೆ ಉತ್ತರ ಸಿದ್ಧ ಮಾಡಿಕೊಂಡಿರಬೇಕು.

ಈ ಪುಟ್ಟ ಕಾರ್ಡಿಗೆ ಇರುವ ನಿಯಮ ಒಂದೇ, ಅಳತೆ. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಅಂದರೆ 64 × 89 ಮಿ.ಮೀ., ನಮ್ಮ ಇಸ್ಪೀಟೆಲೆಯ ಹತ್ತಿರ ಹತ್ತಿರ. 1997ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ವಾಂಚಿ ಸ್ಟಿರ್ನೆಮನ್ ಎಂಬ ಕಲಾವಿದರು ತಾವೇ ಮಾಡಿದ ಇಂಥ ಕಾರ್ಡುಗಳನ್ನು ಪ್ರದರ್ಶನಕ್ಕಿಟ್ಟು, ಬೇಕಾದವರು ಇನ್ನೊಂದು ಕಾರ್ಡ್ ಮಾಡಿ ತಂದು ಬದಲಾಯಿಸಿಕೊಳ್ಳಿ ಎಂದರು. ಅಲ್ಲಿ ದುಡ್ಡಿನ ಮಾತಿರಲಿಲ್ಲ. ಮಾರುವುದಕ್ಕೆಂದೇ ಮಾಡುವ ಕಾರ್ಡಿಗೆ 2004ರ ಹೊತ್ತಿಗೆ ಈಬೇ ಎಂಬ ಆನ್‌ಲೈನ್ ಮಾರಾಟ ತಾಣದ ಮಾರಾಟಗಾರರ ನಡುವೆ ಬೇರೆ ಹೆಸರು ಬಂತು: ಎಸಿಇಒ, ಅಂದರೆ ಆರ್ಟ್ ಕಾರ್ಡ್ಸ್, ಎಡಿಷನ್ಸ್ ಅಂಡ್ ಒರಿಜಿನಲ್ಸ್. ಅಳತೆ ಹೆಚ್ಚಾದರೆ ಸಂಗ್ರಹಕಾರರ ಆಲ್ಬಮ್ಮಿನ ಜೇಬಿಗೆ ಕಾರ್ಡ್ ಹೋಗುವುದಿಲ್ಲ, ಕಷ್ಟಪಟ್ಟು ತುರುಕಿದರೆ ಮೂಲೆ ಮಡಚುತ್ತದೆ. ಎ4 ಹಾಳೆಯಲ್ಲಿ ಸರಿಯಾಗಿ ಒಂಬತ್ತು ಕಾರ್ಡ್ ಸಿಗುತ್ತವೆ. ನಾನು ಮೊದಲೇ ಕತ್ತರಿಸಿಟ್ಟುಕೊಂಡು ಆಮೇಲೆ ಬರೆಯುತ್ತೇನೆ. ಬರೆದಾದ ಮೇಲೆ ಕತ್ತರಿಸಲು ಹೋಗಿ ಕಟ್ಟರ್ ಜಾರಿದರೆ ಮೂರು ಗಂಟೆಯ ಕೆಲಸ ಮಣ್ಣುಪಾಲು.

ಅಂಗೈಯಗಲದ ಎಲೆಯ ಮೇಲೆ ಚಿತ್ರ ಬರೆಯುವುದು ಮೈಸೂರಿನವರಿಗೆ ಹೊಸದಲ್ಲ. ಗಂಜೀಫಾ ಇದೆಯಲ್ಲ, ಕೈಯಲ್ಲಿ ಚಿತ್ರ ಬರೆದ ಹಳೆಯ ಕಾಲದ ಇಸ್ಪೀಟೆಲೆ. ದಶಾವತಾರ ಗಂಜೀಫಾದಲ್ಲಿ ಒಂದೊಂದು ಅವತಾರಕ್ಕೆ 12ರಂತೆ 120 ದುಂಡನೆಯ ಎಲೆಗಳು: ರಾಜ, ಮಂತ್ರಿ, ಉಳಿದವು ಒಂದರಿಂದ ಹತ್ತು. ಗಂಜೀಫಾ ರಘುಪತಿ ಭಟ್ಟರಂಥವರು ಆ ಕಲೆಗೆ ಮರುಜೀವ ಕೊಟ್ಟಿದ್ದರಿಂದ ನಮ್ಮ ತಲೆಮಾರಿಗೂ ಅದು ನೋಡಲು ಸಿಕ್ಕಿದೆ. ಆ ಎಲೆಗಳನ್ನು ಗಮನವಿಟ್ಟು ನೋಡಿ. ಆಡುವವನ ಕೈಯಲ್ಲಿ ಬೀಸಣಿಗೆಯಂತೆ ಹರಡಿದ್ದಾಗಲೂ ಮೀನು ಎಷ್ಟು, ಆಮೆ ಎಷ್ಟು ಎಂದು ಥಟ್ಟನೆ ತಿಳಿಯಬೇಕು. ಅದಕ್ಕೇ ಹಿನ್ನೆಲೆಗೆ ಒಂದೇ ಗಟ್ಟಿ ಬಣ್ಣ. ದೊಡ್ಡ ಚಿತ್ರವನ್ನು ಕುಗ್ಗಿಸಿದರೆ ಚಿಕ್ಕ ಚಿತ್ರ ಆಗುವುದಿಲ್ಲ ಎನ್ನುವುದನ್ನು ನಾನು ಕಲಿತದ್ದು ಅವುಗಳಿಂದ.

ಒಮ್ಮೆ ಬಿಳಿಗತ್ತಿನ ಮಿಂಚುಳ್ಳಿ ಬರೆಯಲು ಕೂತೆ. ಕುಕ್ಕರಹಳ್ಳಿ ಕೆರೆ, ಅದರ ಮೇಲೆ ಬಾಗಿದ ಕೊಂಬೆ, ಕೊಂಬೆಯ ಮೇಲೆ ಹಕ್ಕಿ, ಎಲ್ಲವೂ ಬೇಕೆನಿಸಿತು. ಮುಗಿದಾಗ ಹಕ್ಕಿ ಕಡಲೆಕಾಳಿನಷ್ಟಿತ್ತು. ಮಾರನೆಯ ದಿನ ಕೆರೆ, ಕೊಂಬೆ ಎರಡನ್ನೂ ಬಿಟ್ಟೆ. ಎದೆಯಿಂದ ಮೇಲಷ್ಟೇ ಹಕ್ಕಿ. ಕೆಂಪು ಕೊಕ್ಕು ಕಾರ್ಡಿನ ಅಂಚನ್ನು ಮುಟ್ಟುವ ಹಾಗೆ. ಕಣ್ಣಿನ ಹೊಳಪಿಗೆ ಬಿಳಿ ಬಣ್ಣ ಹಚ್ಚಲಿಲ್ಲ, ಸಾಸಿವೆಗಿಂತ ಚಿಕ್ಕ ಚುಕ್ಕೆಯಷ್ಟು ಕಾಗದವನ್ನೇ ಖಾಲಿ ಬಿಟ್ಟು ಸುತ್ತ ಕಪ್ಪು ತುಂಬಿದೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ ಅದು. ಆ ಚುಕ್ಕೆ ಉಳಿದರೆ ಹಕ್ಕಿ ನಮ್ಮನ್ನೇ ನೋಡುತ್ತದೆ.

ಕಾಗದ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವಷ್ಟು ದಪ್ಪ ಇರಲಿ, ಸಾಧ್ಯವಾದರೆ ಹತ್ತಿಯದು. ಬಣ್ಣ ಕೊಳ್ಳುವಾಗ ಟ್ಯೂಬಿನ ಮೇಲಿನ ಚೆಂದದ ಹೆಸರು ನೋಡಬೇಡಿ, ಒಳಗಿರುವ ಬಣ್ಣದ ಪುಡಿ ಯಾವುದೆಂದು ಹೇಳುವ ಪಿಗ್ಮೆಂಟ್ ಸಂಖ್ಯೆ ನೋಡಿ. ಅಲಿಜರಿನ್ ಕ್ರಿಮ್ಸನ್ ಎಂದು ಮಾರುವ ಪಿಆರ್ 83 ದಾಸವಾಳಕ್ಕೆ ಹೇಳಿ ಮಾಡಿಸಿದಂತಿರುತ್ತದೆ, ಆದರೆ ಬೆಳಕಿಗೆ ಮಾಸುತ್ತದೆ. ಅದರ ಜಾಗದಲ್ಲಿ ನಾನು ಪಿವಿ 19 ಬಳಸುತ್ತೇನೆ. ಹೊಸ ಬಣ್ಣ ಬಂದರೆ ಒಂದು ಪಟ್ಟಿ ಕಾಗದಕ್ಕೆ ಬಳಿದು, ಅರ್ಧಕ್ಕೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಮೂರು ತಿಂಗಳು ಅಂಟಿಸಿಡುತ್ತೇನೆ. ದುಡ್ಡು ಕೊಟ್ಟು ಒಯ್ದವರ ಗೋಡೆಯ ಮೇಲೆ ದಾಸವಾಳ ಬಿಳಿಚಿಕೊಳ್ಳಬಾರದು.

ಇನ್ನು ತೋರಿಸುವ ವಿಷಯ. ಫೋನಿನ ತೆರೆಯ ಮೇಲೆ ಎಲ್ಲ ಚಿತ್ರವೂ ಒಂದೇ ಗಾತ್ರ. ಕ್ಯಾಲೆಂಡರಿನಷ್ಟು ದೊಡ್ಡದು ಎಂದುಕೊಂಡು ತರಿಸಿ ನೊಂದುಕೊಂಡವರಿದ್ದಾರೆ. ಹಾಗಾಗಿ 600 ಡಿಪಿಐ ಸ್ಕ್ಯಾನ್ ಒಂದು, ಬೆಂಕಿಪೊಟ್ಟಣದ ಪಕ್ಕ ಇಟ್ಟು ತೆಗೆದ ಫೋಟೊ ಒಂದು, ಓರೆ ಬೆಳಕಿನಲ್ಲಿ ತೆಗೆದದ್ದು ಇನ್ನೊಂದು. ಓರೆ ಬೆಳಕಿನಲ್ಲಿ ಬಣ್ಣದ ಪದರ, ಕಾಗದದ ತರಿ ಎರಡೂ ಕಾಣುತ್ತವೆ. “ಪ್ರಿಂಟಾ?” ಎಂಬ ಪ್ರಶ್ನೆಗೆ ಆ ಫೋಟೊ ಅರ್ಧ ಉತ್ತರ. ಉಳಿದರ್ಧ ಕಾರ್ಡಿನ ಬೆನ್ನ ಮೇಲಿರಬೇಕು: ಹೆಸರು, ವರ್ಷ, ಮಾಧ್ಯಮ, ಸಹಿ, ‘ಒರಿಜಿನಲ್’ ಎಂಬ ಮಾತು. ಪ್ರಿಂಟ್ ಆದರೆ ಎಷ್ಟು ಪ್ರತಿ, ಇದು ಎಷ್ಟನೆಯದು ಎಂದು ಬರೆಯಿರಿ. ಪ್ರಿಂಟಿನ ಮೇಲೆ ನಾಲ್ಕು ಗೆರೆ ಎಳೆದು ಒರಿಜಿನಲ್ ಎಂದು ಮಾರುವವರನ್ನು ಕಂಡಿದ್ದೇನೆ. ಅದು ಶುದ್ಧ ಮೋಸ. ಅದರಿಂದ ಪ್ರಾಮಾಣಿಕವಾಗಿ ಬರೆಯುವ ನೂರು ಜನರ ಹೊಟ್ಟೆಯ ಮೇಲೂ ಪೆಟ್ಟು ಬೀಳುತ್ತದೆ.

ಬೆಲೆಯನ್ನು ಇಂಚಿನ ಲೆಕ್ಕದಲ್ಲಿ ಇಡಬೇಡಿ, ಗಂಟೆಯ ಲೆಕ್ಕದಲ್ಲಿ ಇಡಿ. ನನ್ನ ಮಿಂಚುಳ್ಳಿಗೆ ಮೂರು ಗಂಟೆ ಹಿಡಿಯಿತು. ಗಂಟೆಗೆ 250 ರೂಪಾಯಿಯಂತೆ 750, ಕಾಗದ, ಬಣ್ಣ, ಪ್ಯಾಕಿಂಗ್‌ಗೆ 70, ಒಟ್ಟು 820. ಅಂಚೆ ಖರ್ಚು ಬೇರೆ. “ಇಷ್ಟು ಚಿಕ್ಕದಕ್ಕಾ?” ಎಂದವರಿಗೆ ಈ ಲೆಕ್ಕವನ್ನೇ ಹೇಳುತ್ತೇನೆ. ಕೆಲವರು ಹೋಗುತ್ತಾರೆ, ಹೋಗಲಿ. ಬೆಲೆ ಇಳಿಸಿದರೆ ಮುಂದಿನ ಕಾರ್ಡಿಗೆ ನಾವೇ ಒಂದು ಗಂಟೆ ಕಡಿಮೆ ಕೂರುತ್ತೇವೆ.

ಕಳಿಸುವುದರಲ್ಲಿ ನಾನು ಪಾಠ ಕಲಿತದ್ದು ಒಂದು ಜುಲೈನಲ್ಲಿ. ಮಲೆನಾಡಿನ ಒಬ್ಬರಿಗೆ ಗ್ವಾಶ್ ಎಂಬ ಗಟ್ಟಿ ನೀರುಬಣ್ಣದಲ್ಲಿ ಬರೆದ ಕಾರ್ಡೊಂದನ್ನು ನೇರವಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿ ಕಳಿಸಿದ್ದೆ. ಗ್ವಾಶ್‌ನಲ್ಲಿ ಅಂಟು ಇರುತ್ತದೆ. ಒಣಗಿದ ಮೇಲೂ ತೇವ ತಗುಲಿದರೆ ಮತ್ತೆ ಮೆತ್ತಗಾಗುತ್ತದೆ. ಅವರು ಕವರ್ ಬಿಡಿಸಿದಾಗ ಸಂಪಿಗೆಯ ಅರ್ಧ ಎಸಳು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬಂದಿತ್ತು. ದುಡ್ಡು ವಾಪಸ್ ಮಾಡಿದೆ, ಇನ್ನೊಂದು ಬರೆದೂ ಕೊಟ್ಟೆ. ಈಗ ಎರಡು ದಿನ ಒಣಗಿಸಿ, ಮೇಲೆ ಬಟರ್ ಪೇಪರ್ ಇಟ್ಟು, ಆಮೇಲೆ ಕವರ್. ಅದರ ಎರಡೂ ಕಡೆ ಡಬ್ಬದ ರಟ್ಟು, ಒಂದರ ಗೀರು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ. ಹಾಗಿಟ್ಟರೆ ಯಾವ ಕಡೆಗೂ ಬಾಗುವುದಿಲ್ಲ.

ಕೊನೆಗೊಂದು, ಆರ್ಡರ್ ತೆಗೆದುಕೊಂಡು ಬರೆಯುವವರಿಗೆ. ನಾವಾಗಿಯೇ ಬರೆದು ಮಾರಿದ ಕಾರ್ಡಿನ ಹಕ್ಕುಸ್ವಾಮ್ಯ ನಮ್ಮಲ್ಲೇ ಉಳಿಯುತ್ತದೆ, ಕೊಂಡವರಿಗೆ ಹೋಗುವುದು ಕಾರ್ಡ್ ಮಾತ್ರ. ಆದರೆ ಒಬ್ಬರು ಹೇಳಿ, ದುಡ್ಡು ಕೊಟ್ಟು ಬರೆಸಿಕೊಂಡ ಚಿತ್ರದ ಕಥೆ ಬೇರೆ. ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ ಅದರ ಮೊದಲ ಹಕ್ಕುದಾರರು ಬರೆಸಿಕೊಂಡವರೇ. ನಾಳೆ ಅದನ್ನೇ ನೀವು ಪ್ರಿಂಟ್ ಹಾಕಿ ಮಾರಲು ಬರುವುದಿಲ್ಲ. ಅದಕ್ಕೇ ಮುಂಗಡ ತೆಗೆದುಕೊಳ್ಳುವ ಮೊದಲು ವಾಟ್ಸಾಪಿನಲ್ಲಿ ಹೀಗೊಂದು ಸಾಲು ಕಳಿಸುತ್ತೇನೆ: “ಮೂಲ ಚಿತ್ರ ನಿಮ್ಮದು, ಅದರ ಹಕ್ಕುಸ್ವಾಮ್ಯ ನನ್ನಲ್ಲೇ ಇರುತ್ತದೆ. ಒಪ್ಪಿಗೆಯೇ?” ಒಪ್ಪಿಗೆ ಎಂದು ಬರೆದು ಕಳಿಸಿದ ಮೇಲೆಯೇ ಕಾಗದ ಕತ್ತರಿಸುತ್ತೇನೆ.