ಹೊಳಪು ಹೋದರೂ ಒಣಗಿಲ್ಲ: ಲಾಲ್‌ಬಾಗ್‌ನಲ್ಲಿ ಕಲಿತ ಜಲವರ್ಣದ ಟಿಪ್ಪಣಿ

ನಾಲ್ಕು ಭಾನುವಾರ ಲಾಲ್‌ಬಾಗ್‌ನಲ್ಲಿ ಕೂತು ಹನ್ನೊಂದು ಚಿತ್ರ ಮಾಡಿದೆ. ಎಂಟು ಹಾಳಾದವು. ಎಂಟೂ ಒಂದೇ ತಪ್ಪಿನಿಂದ ಹಾಳಾದವು ಅಂತ ಗೊತ್ತಾಗಿದ್ದು ಮೊನ್ನೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಈಗಷ್ಟೇ ಶುರು ಮಾಡಿದವರಿಗೂ ಉಪಯೋಗಕ್ಕೆ ಬರಬಹುದು.

ಚೀಲದಲ್ಲಿ ಇರುವುದು

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದದ ಪುಟ್ಟ ಪುಸ್ತಕ. ಅದಕ್ಕಿಂತ ತೆಳು ಕಾಗದ ಬೇಡ, ನೀರು ಬಿದ್ದರೆ ಹಪ್ಪಳದ ಹಾಗೆ ಎದ್ದು ನಿಲ್ಲುತ್ತದೆ. 8ನೇ ನಂಬರಿನ ಒಂದು ರೌಂಡ್ ಬ್ರಷ್. ಅಲ್ಟ್ರಾಮರೀನ್ ನೀಲಿ, ಲೆಮನ್ ಯೆಲ್ಲೊ, ಬರ್ನ್ಟ್ ಸಿಯೆನಾ ಅನ್ನುವ ಕೆಂಗಂದು, ಸ್ಯಾಪ್ ಗ್ರೀನ್. ಉಪ್ಪಿನಕಾಯಿ ಬಾಟಲಿಯಲ್ಲಿ ನೀರು. ಹಳೆ ಬನಿಯನ್‌ನ ಒಂದು ತುಂಡು. ಈ ಬನಿಯನ್ ತುಂಡನ್ನು ನಾನು ಮೂರು ವಾರ ಲೆಕ್ಕಕ್ಕೇ ತಗೊಂಡಿರಲಿಲ್ಲ.

ಕೂರುವ ಜಾಗ

ನೀವು ಬಿಸಿಲಲ್ಲಿ ಕೂತರೂ ಪರವಾಗಿಲ್ಲ, ಹಾಳೆ ನೆರಳಲ್ಲಿರಲಿ. ಬಿಸಿಲು ಬಿದ್ದ ಬಿಳಿ ಹಾಳೆ ಕಣ್ಣಿಗೆ ಹೊಡೆಯುತ್ತದೆ. ಅದರ ಮೇಲೆ ಎಷ್ಟು ಬಣ್ಣ ಹಚ್ಚಿದರೂ ಸಾಲದು ಅನ್ನಿಸುತ್ತದೆ. ಹಚ್ಚುತ್ತಾ ಹೋಗುತ್ತೀರಿ. ಮನೆಗೆ ಬಂದು ನೋಡಿದರೆ ಮರಕ್ಕೆ ಮಸಿ ಬಳಿದ ಹಾಗಿರುತ್ತದೆ.

ಮರದ ನೆರಳು ಗಂಟೆಯೊಳಗೆ ಜಾಗ ಬದಲಿಸುತ್ತದೆ. ಹಾಗಾಗಿ ಮೊದಲು ನೆರಳಿನ ಗಡಿಯನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಪಕ್ಕದಲ್ಲಿ ಹೊತ್ತು ಬರೆದುಬಿಡಿ. ಆಮೇಲೆ ನಿಜವಾದ ನೆರಳು ಎಲ್ಲಿಗೆ ಹೋದರೂ ಅದರ ಹಿಂದೆ ಓಡಬೇಡಿ.

ಗಾಜಿನ ಮನೆ ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. 1889ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ, ನೋಡೋಕೆ ಚೆಂದ. ಆದರೆ ಮೊದಲ ವಾರವೇ ಅದಕ್ಕೆ ಕೈ ಹಾಕಬೇಡಿ. ನಾನು ಗಾಜಿನ ಚೌಕಗಳನ್ನು ಒಂದೊಂದಾಗಿ ಬರೆಯುತ್ತಾ ಕೂತು ಒಂದಿಡೀ ಬೆಳಗ್ಗೆ ಕಳೆದೆ. ಬಣ್ಣದ ಡಬ್ಬಿ ತೆರೆಯಲೇ ಇಲ್ಲ.

ನನ್ನನ್ನು ಬೀಳಿಸಿದ ಜಾಗ

ಲಾಲ್‌ಬಾಗ್‌ನ ದೊಡ್ಡ ಬೂರುಗದ ಮರ ನೋಡಿದ್ದೀರಲ್ಲ? ಬೇರುಗಳು ನೆಲದಿಂದ ಗೋಡೆಗಳ ಹಾಗೆ ಎದ್ದಿವೆ. ಎರಡು ಬೇರಿನ ನಡುವಿನ ಸಂದಿಯಲ್ಲಿ ಕತ್ತಲು. ಆ ಕತ್ತಲು ಮೆಲ್ಲಗೆ ಬೆಳಕಿಗೆ ಕರಗುತ್ತದೆ, ಗೆರೆ ಎಳೆದ ಹಾಗೆ ನಿಲ್ಲುವುದಿಲ್ಲ. ಅದಕ್ಕಾಗಿ ಬೇರಿಗೆ ತಿಳಿ ಕಂದು ಹಚ್ಚಿ, ಅದು ಹಸಿ ಇರುವಾಗಲೇ ಕಡು ಬಣ್ಣ ಸೇರಿಸಬೇಕು. ಓದೋಕೆ ಸುಲಭ. ನಾನು ಸೇರಿಸಿದಾಗಲೆಲ್ಲ ಕತ್ತಲು ಬರುವ ಬದಲು ಅಲ್ಲೊಂದು ತೆಳು ಮಚ್ಚೆ ಆಗಿ, ಸುತ್ತ ಗರಗಸದಂಥ ಅಂಚು ಮೂಡುತ್ತಿತ್ತು. ನಾನು ಅದಕ್ಕೆ ಹೂಕೋಸು ಅಂತ ಹೆಸರಿಟ್ಟೆ. ಆಮೇಲೆ ಗೊತ್ತಾಯಿತು, ಇಂಗ್ಲಿಷ್‌ನವರೂ ಕಾಲಿಫ್ಲವರ್ ಅಂತಲೇ ಕರೆಯುತ್ತಾರೆ.

ಯಾಕೆ ಹೀಗಾಗುತ್ತದೆ? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಊರಲ್ಲಿ ನಮ್ಮ ಮನೆಯದು ಕೆಂಪು ಗಾರೆ ನೆಲ. ಅಮ್ಮ ಒರೆಸಿದ ತಕ್ಷಣ ಕನ್ನಡಿಯ ಹಾಗೆ ಹೊಳೆಯುತ್ತದೆ. ಸ್ವಲ್ಪ ಹೊತ್ತಿಗೆ ಹೊಳಪು ಹೋಗುತ್ತದೆ. ಒಣಗಿತು ಅಂತ ನಾವು ಕಾಲಿಟ್ಟರೆ ಹೆಜ್ಜೆ ಗುರುತು ಮೂಡುತ್ತದೆ. ‘ಕಾಲಿಡಬೇಡ ಅಂದ್ನಲ್ಲ’ ಅಂತ ಬೈಗುಳ. ಹೊಳಪು ಹೋಗಿದೆ, ಆದರೆ ಒಣಗಿಲ್ಲ. ಜಲವರ್ಣದ ಅಪಾಯವೆಲ್ಲ ಈ ಹೊತ್ತಿನಲ್ಲೇ ಇರುವುದು.

ಹಾಳೆ ಹೊಳೆಯುತ್ತಿರುವಾಗ ಮೇಲೆ ನೀರು ನಿಂತಿರುತ್ತದೆ. ಆಗ ಬಣ್ಣ ಹಾಕಿದರೆ ಎಲ್ಲ ಕಡೆ ಹರಿದು ಹೋಗುತ್ತದೆ. ಆಕಾಶಕ್ಕೆ ಸರಿ, ಬೇರಿನ ಸಂದಿಗೆ ಜಾಸ್ತಿಯಾಯಿತು. ಹೊಳಪು ಹೋದ ಮೇಲೆ ನೀರು ಕಾಗದದ ಎಳೆಗಳೊಳಗೆ ಇಳಿದಿರುತ್ತದೆ, ಬಣ್ಣದ ಪುಡಿ ಇನ್ನೂ ಗಟ್ಟಿಯಾಗಿ ಕೂತಿರುವುದಿಲ್ಲ. ಈಗ ಬ್ರಷ್‌ನಿಂದ ಹೊಸ ನೀರು ಬಂದರೆ ಅದು ತನಗಿಂತ ಒಣಗಿದ ಕಡೆಗೆ ನುಗ್ಗುತ್ತದೆ. ದಾರಿಯಲ್ಲಿ ಸಿಕ್ಕ ಪುಡಿಯನ್ನೆಲ್ಲ ತಳ್ಳಿಕೊಂಡು ಹೋಗಿ ಒಂದು ಕಡೆ ಗುಡ್ಡೆ ಹಾಕುತ್ತದೆ. ಆ ಗುಡ್ಡೆಯೇ ಗರಗಸದ ಅಂಚು.

ನಾನು ಅಂದುಕೊಂಡಿದ್ದು ಪೂರ್ತಿ ಉಲ್ಟಾ. ಹಾಳೆ ಒಣಗುತ್ತಾ ಬಂತು, ಆದ್ದರಿಂದ ಬ್ರಷ್‌ನಲ್ಲಿ ನೀರು ಜಾಸ್ತಿ ಇರಲಿ, ಚೆನ್ನಾಗಿ ಬೆರೆಯುತ್ತದೆ ಅಂತ. ಅಲ್ಲ. ಹಾಳೆ ಎಷ್ಟು ಒಣಗಿದೆಯೋ ಬ್ರಷ್ ಅದಕ್ಕಿಂತ ಒಣಗಿರಬೇಕು. ಇನ್ನೊಂದು ಸಲ: ಹಾಳೆಗಿಂತ ಬ್ರಷ್‌ನಲ್ಲಿ ನೀರು ಕಡಿಮೆ.

ಅದನ್ನು ಮಾಡೋದು ಹೇಗೆ? ಬ್ರಷ್ ತೊಳೆದ ಮೇಲೆ ನೇರ ಬಣ್ಣಕ್ಕೆ ಹೋಗಬೇಡಿ, ಮೊದಲು ಬನಿಯನ್ ತುಂಡಿಗೆ ಒರೆಸಿ. ಬಣ್ಣ ತಗೊಂಡ ಮೇಲೂ ಕೂದಲಿನ ಬುಡವನ್ನು ಒಂದು ಸಲ ಬಟ್ಟೆಗೆ ತಾಗಿಸಿ. ತುದಿ ಒರೆಸಿದರೆ ಬಣ್ಣ ಹೋಗುತ್ತದೆ, ಬುಡ ತಾಗಿಸಿದರೆ ಹೆಚ್ಚಿನ ನೀರು ಹೋಗುತ್ತದೆ. ಮೊದಲ ಪದರಕ್ಕೆ ಬಣ್ಣ ನೀರು ಮಜ್ಜಿಗೆ ಹದದಲ್ಲಿರಲಿ, ಮೇಲೆ ಸೇರಿಸುವುದು ಮೊಸರಿನ ಹದ. ನಾನು ಎರಡನ್ನೂ ಮಜ್ಜಿಗೆ ಮಾಡುತ್ತಿದ್ದೆ.

ಹಾಳೆ ಯಾವ ಹಂತದಲ್ಲಿದೆ ಅಂತ ತಿಳಿಯಲು ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹೊಳಪು ಇಲ್ಲದಿದ್ದರೆ ಬೆರಳಿನ ಹಿಂಭಾಗವನ್ನು ಅಂಚಿಗೆ ಸುಮ್ನೆ ತಾಗಿಸಿ. ತಣ್ಣಗಿದ್ದರೆ ಇನ್ನೂ ಹಸಿ. ಆಗಲೇ ಹೂಕೋಸು ಎದ್ದುಬಿಟ್ಟಿದ್ದರೆ ತಿದ್ದಲು ಹೋಗಬೇಡಿ. ತಿದ್ದುವುದು ಅಂದರೆ ಇನ್ನಷ್ಟು ನೀರು ಅಲ್ವಾ? ಪೂರ್ತಿ ಒಣಗಲಿ, ಆಮೇಲೆ ಅದರ ಮೇಲೆ ಕಡು ಪದರ ಹಾಕಿ.

ಹಸಿರು

ಸ್ಯಾಪ್ ಗ್ರೀನ್ ನೇರ ಹಚ್ಚಿದರೆ ಬಾಗಿಲಿಗೆ ಕಟ್ಟುವ ಪ್ಲಾಸ್ಟಿಕ್ ತೋರಣದ ಹಾಗೆ ಕಾಣುತ್ತದೆ. ಅದಕ್ಕೆ ಚೂರು ಬರ್ನ್ಟ್ ಸಿಯೆನಾ ಬೆರೆಸಿದರೆ ಮರದ ಹಸಿರಾಗುತ್ತದೆ. ಎಲೆಯ ಹಿಂದಿನಿಂದ ಬಿಸಿಲು ಬರುತ್ತಿದ್ದರೆ ಹಳದಿ ಜಾಸ್ತಿ. ಮಿನುಗುವ ಎಲೆ ಆಕಾಶಕ್ಕೆ ಮುಖ ಮಾಡಿದ್ದರೆ ಅದು ಹಸಿರೇ ಅಲ್ಲ, ನೀಲಿ ಬೂದು. ಇದನ್ನು ನಂಬಲು ನನಗೆ ಎರಡು ವಾರ ಹಿಡಿಯಿತು.

ಬಂಡೆಯ ಮೇಲೆ ಅಭ್ಯಾಸ

ಕೆಂಪೇಗೌಡ ಗೋಪುರ ಇರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆ ಮಾದರಿ ಇಲ್ಲ. ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನಾ ಸೇರಿಸಿದರೆ ಬಂಡೆಯ ಬೂದು ಸಿಗುತ್ತದೆ. ಅಲ್ಟ್ರಾಮರೀನ್ ಕಾಗದದ ತಗ್ಗುಗಳಲ್ಲಿ ಕಾಳುಕಾಳಾಗಿ ಕೂರುವುದರಿಂದ ಒರಟುತನ ತಾನೇ ಬರುತ್ತದೆ. ಹೂಕೋಸು ಎದ್ದರೂ ಪಾಚಿ ಕಲೆ ಅಂತ ನಡೆದುಹೋಗುತ್ತದೆ.

ಮೊನ್ನೆ ಅಲ್ಲಿ ಕೂತು ಒಂದು ಪ್ರಯೋಗ ಮಾಡಿದೆ. ಆ ಬೂದಿನದೇ ಉದ್ದ ಪಟ್ಟಿ ಎಳೆದು, ಅರ್ಧ ನಿಮಿಷಕ್ಕೊಮ್ಮೆ ಒರೆಸದ ಬ್ರಷ್‌ನಿಂದ ಒಂದು ಚುಕ್ಕೆ, ಅದರ ಕೆಳಗೆ ಒರೆಸಿದ ಬ್ರಷ್‌ನಿಂದ ಇನ್ನೊಂದು. ಮೇಲಿನ ಸಾಲಿನಲ್ಲಿ ನಾಲ್ಕನೇ ಚುಕ್ಕೆಯವರೆಗೆ ಏನೂ ತೊಂದರೆ ಇಲ್ಲ, ಐದು ಮತ್ತು ಆರರಲ್ಲಿ ದೊಡ್ಡ ಹೂಕೋಸು. ಕೆಳಗಿನ ಸಾಲಿನಲ್ಲಿ ಅದೇ ಐದು, ಆರು ಎಲ್ಲಕ್ಕಿಂತ ಚೆನ್ನಾಗಿವೆ, ಬೂರುಗದ ಸಂದಿಗೆ ಬೇಕಾದ ಕತ್ತಲೇ ಅದು. ಬೆಳಗ್ಗೆ ಏಳೂವರೆಯ ಲೆಕ್ಕ ಇದು. ಹನ್ನೊಂದು ಗಂಟೆಗೆ ಮತ್ತೆ ಮಾಡಿದಾಗ ಎರಡನೇ ಚುಕ್ಕೆಗೇ ಎದ್ದಿತು.

ಎರಡೂ ಪಟ್ಟಿ ಕತ್ತರಿಸಿ ಪುಸ್ತಕದ ರಟ್ಟಿನ ಒಳಗೆ ಅಂಟಿಸಿದ್ದೇನೆ. ಐದನೇ ಚುಕ್ಕೆಯ ಪಕ್ಕ ಪೆನ್ಸಿಲ್‌ನಲ್ಲಿ ‘ಕಾಲಿಡಬೇಡ’ ಅಂತ ಬರೆದಿದೆ.